ಕಾವಲಿಲ್ಲದ ಒಂದು ಬಾಗಿಲು: ಲೆಕ್ಕಪತ್ರ ತಂತ್ರಾಂಶದ ದೃಢೀಕರಣ ಲೋಪ

ಹಿಂದಿನ ಕಾಲದಲ್ಲಿ ಸಂಸ್ಥೆಯೊಂದರ ಹಣಕಾಸಿನ ವ್ಯವಹಾರವೆಲ್ಲ ನಗದು ಪುಸ್ತಕ, ಖಾತೆ ಪುಸ್ತಕ ಹಾಗೂ ತಿಜೋರಿಯ ಬೀಗದ ಕೈಗಳಲ್ಲಿ ಅಡಗಿರುತ್ತಿತ್ತು. ಲೆಕ್ಕ ತಿದ್ದಬೇಕೆನ್ನುವವನು ಕಚೇರಿಯ ಒಳಗೇ ಬರಬೇಕಾಗಿತ್ತು. ಬಂದವನು ಯಾರೆಂಬುದನ್ನು ನಾಲ್ಕು ಜನ ನೋಡುತ್ತಿದ್ದರು. ಇಂದು ಅದೇ ಲೆಕ್ಕವು ಗಣಕಯಂತ್ರದೊಳಗಿದೆ. ಅಲ್ಲಿ ಬಂದವನು ಯಾರೆಂದು ಕೇಳುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಲಾಗಿದೆ. ಆ ಯಂತ್ರವು ಒಂದು ಬಾಗಿಲಲ್ಲಿ ಕೇಳುವುದನ್ನೇ ಮರೆತರೆ ಏನಾಗುತ್ತದೆ ಎಂಬುದಕ್ಕೆ 2020ನೆಯ ಇಸವಿಯಲ್ಲಿ ಬೆಳಕಿಗೆ ಬಂದ ಲೋಪವೊಂದು ಸ್ಪಷ್ಟ ನಿದರ್ಶನ.

ಜರ್ಮನಿಯಲ್ಲಿ 1972ರಲ್ಲಿ ಐವರು ಅಭಿಯಂತರರು ಆರಂಭಿಸಿದ ಎಸ್‌ಎಪಿ ಸಂಸ್ಥೆಯು ಉದ್ಯಮಗಳ ಹಣಕಾಸು, ಖರೀದಿ, ದಾಸ್ತಾನು, ವೇತನ ಇವೆಲ್ಲವನ್ನೂ ಒಂದೇ ವ್ಯವಸ್ಥೆಯಲ್ಲಿ ನಿರ್ವಹಿಸುವ ತಂತ್ರಾಂಶಗಳಿಗೆ ಹೆಸರಾಗಿದೆ. ಇಂತಹ ತಂತ್ರಾಂಶವನ್ನು ಇಆರ್‌ಪಿ ಎಂದು ಕರೆಯುತ್ತಾರೆ. ಜಗತ್ತಿನ ದೊಡ್ಡ ಕಾರ್ಖಾನೆಗಳು, ತೈಲ ಕಂಪನಿಗಳು, ಸರ್ಕಾರಿ ಇಲಾಖೆಗಳು ಇದನ್ನು ನೆಚ್ಚಿಕೊಂಡಿವೆ. ಬೆಂಗಳೂರಿನಲ್ಲಿಯೂ ಈ ಸಂಸ್ಥೆಯ ದೊಡ್ಡ ಕೇಂದ್ರವಿದೆ. ಶರಣಬಂಧುಗಳ ಕುಟುಂಬಗಳ ಯುವಕ ಯುವತಿಯರಲ್ಲಿ ಇಂತಹ ತಂತ್ರಾಂಶದ ಮುಂದೆ ಕುಳಿತು ದುಡಿಯುವವರು ಅನೇಕರಿರಬಹುದು. ಆದುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಲೋಪವನ್ನು ಅರಿಯುವ ಮೊದಲು ಎರಡು ಮಾತುಗಳ ಅಂತರವನ್ನು ತಿಳಿಯಬೇಕು. ‘ನೀನು ಯಾರು?’ ಎಂದು ಕೇಳಿ, ಬಳಕೆದಾರನ ಹೆಸರು ಮತ್ತು ಗುಪ್ತಪದದಿಂದ ಖಚಿತಪಡಿಸಿಕೊಳ್ಳುವುದು ದೃಢೀಕರಣ. ‘ನಿನಗೆ ಈ ಕೆಲಸ ಮಾಡುವ ಹಕ್ಕಿದೆಯೇ?’ ಎಂದು ಪರಿಶೀಲಿಸುವುದು ಅಧಿಕಾರದ ನಿರ್ಣಯ. ಬಿಲ್ಲು ಬರೆಯುವವನು ಒಬ್ಬ, ಮಂಜೂರು ಮಾಡುವವನು ಇನ್ನೊಬ್ಬ, ಹಣ ಪಾವತಿಸುವವನು ಮತ್ತೊಬ್ಬ ಎಂಬ ಲೆಕ್ಕಪತ್ರದ ಹಳೆಯ ಶಿಸ್ತು ನಿಂತಿರುವುದು ಈ ಎರಡರ ಮೇಲೆಯೇ. ಮೊದಲನೆಯದು ಕುಸಿದರೆ ಎರಡನೆಯದಕ್ಕೆ ಆಧಾರವೇ ಉಳಿಯುವುದಿಲ್ಲ.

ಎಸ್‌ಎಪಿಯ ಅನೇಕ ತಂತ್ರಾಂಶಗಳಿಗೆ ನೆಟ್‌ವೀವರ್ ಎಂಬುದು ತಳಹದಿ. ಅದರ ಜಾವಾ ವಿಭಾಗದಲ್ಲಿ, ವ್ಯವಸ್ಥೆಯನ್ನು ಹೊಸದಾಗಿ ಸಜ್ಜುಗೊಳಿಸಲು ತಂತ್ರಜ್ಞರು ಬಳಸುವ ‘ಎಲ್‌ಎಂ ಕಾನ್ಫಿಗರೇಶನ್ ವಿಝಾರ್ಡ್’ ಎಂಬ ಉಪಾಂಗವಿದೆ. ತನ್ನ ಬಳಿಗೆ ಬಂದ ಕೋರಿಕೆಯನ್ನು ಯಾರು ಕಳುಹಿಸಿದರೆಂದು ಈ ಉಪಾಂಗವು ಕೇಳುತ್ತಲೇ ಇರಲಿಲ್ಲ. ಅದರ ವಿಳಾಸವನ್ನು ಜಾಲದ ಮೂಲಕ ತಲುಪಬಲ್ಲ ಯಾವನೇ ಅಪರಿಚಿತನು, ಗುಪ್ತಪದವಿಲ್ಲದೆ, ಸರ್ವಾಧಿಕಾರವುಳ್ಳ ಹೊಸ ಬಳಕೆದಾರನನ್ನು ಸೃಷ್ಟಿಸಿಕೊಳ್ಳಬಹುದಾಗಿತ್ತು. ಬೀಗ ಮುರಿಯುವ ಶ್ರಮವೂ ಅವನಿಗಿರಲಿಲ್ಲ. ಸಂಸ್ಥೆಯೇ ಹೊಸ ಬೀಗದ ಕೈ ಮಾಡಿಸಿ ಅವನ ಕೈಗಿತ್ತಂತಾಗುತ್ತಿತ್ತು.

ಒನಾಪ್ಸಿಸ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಈ ಲೋಪವನ್ನು ಪತ್ತೆಹಚ್ಚಿ, ಎಸ್‌ಎಪಿಗೆ ತಿಳಿಸಿ, ಇದಕ್ಕೆ ‘ರೀಕಾನ್’ ಎಂದು ಹೆಸರಿಟ್ಟರು. ಸಿವಿಇ-2020-6287 ಎಂಬುದು ಇದರ ಅಧಿಕೃತ ಕ್ರಮಾಂಕ. ತೀವ್ರತೆಯ ಮಾಪನದಲ್ಲಿ ಇದಕ್ಕೆ ದೊರೆತದ್ದು 10ಕ್ಕೆ 10. ನೆಟ್‌ವೀವರ್ ಜಾವಾದ 7.30ರಿಂದ 7.50ರವರೆಗಿನ ಆವೃತ್ತಿಗಳು ಇದಕ್ಕೆ ಒಳಗಾಗಿದ್ದವು. ಸುಮಾರು 40,000 ಗ್ರಾಹಕ ಸಂಸ್ಥೆಗಳಿಗೆ ಇದರ ಬಾಧೆ ತಟ್ಟಬಹುದೆಂದೂ, ಕನಿಷ್ಠ 2,500 ವ್ಯವಸ್ಥೆಗಳು ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿವೆಯೆಂದೂ ಒನಾಪ್ಸಿಸ್ ಅಂದಾಜು ಮಾಡಿತು.

ಸರ್ವಾಧಿಕಾರ ಪಡೆದ ಆಗಂತುಕನು ಏನನ್ನು ಮಾಡಬಹುದಾಗಿತ್ತು? ಸರಕು ಪೂರೈಸುವ ವರ್ತಕನ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬದಲಿಸಿದನೆಂದು ಭಾವಿಸೋಣ. ಬಿಲ್ಲು ನಿಜವಾದದ್ದು, ಮಂಜೂರಾತಿ ನಿಜವಾದದ್ದು, ಮೊತ್ತವೂ ಸರಿಯಾದದ್ದು. ಆದರೆ ಹಣ ಹೋಗಿ ಸೇರುವುದು ಬೇರೆಯವನ ಖಾತೆಗೆ. ನೌಕರರ ವೈಯಕ್ತಿಕ ವಿವರಗಳನ್ನು ಓದಬಹುದು, ಲೆಕ್ಕವನ್ನು ತಿದ್ದಬಹುದು, ಕೊನೆಗೆ ತಾನು ಬಂದುಹೋದ ದಾಖಲೆಯನ್ನೂ ಅಳಿಸಬಹುದು. ವರ್ತಕನು ‘ಹಣ ಬಂದಿಲ್ಲ’ ಎಂದಾಗ ಮೊದಲು ಸಂಶಯಕ್ಕೆ ಗುರಿಯಾಗುವವನು ತಪ್ಪನ್ನೇ ಮಾಡದ ಗುಮಾಸ್ತ.

2020ರ ಜುಲೈ 14ರ ಮಾಸಿಕ ಭದ್ರತಾ ತಿದ್ದುಪಡಿಗಳೊಂದಿಗೆ ಎಸ್‌ಎಪಿ ಪರಿಹಾರವನ್ನು ಒದಗಿಸಿತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ ಕೂಡ ಎಚ್ಚರಿಕೆ ಹೊರಡಿಸಿತು. ತಿದ್ದುಪಡಿಯನ್ನು ಕೂಡಲೇ ಅಳವಡಿಸಿ. ಸಾಧ್ಯವಾಗದಿದ್ದರೆ ಆ ಉಪಾಂಗವನ್ನು ನಿಷ್ಕ್ರಿಯಗೊಳಿಸಿ. ಇದಕ್ಕೆ 24 ಗಂಟೆಗಿಂತ ಹೆಚ್ಚು ಕಾಲ ಬೇಕಾದರೆ ವ್ಯವಸ್ಥೆಯ ಮೇಲೆ ತೀವ್ರ ನಿಗಾ ಇರಿಸಿ ಎಂಬುದು ಅದರ ಸಾರ.

ಇಷ್ಟು ಅವಸರವೇಕೆ ಎಂದು ಕೇಳಬಹುದು. ತಿದ್ದುಪಡಿಯೆಂಬುದು ಎರಡಲಗಿನ ಕತ್ತಿ. ಯಾವ ಬಾಗಿಲನ್ನು ಮುಚ್ಚಲಾಯಿತೆಂದು ಪರಿಶೀಲಿಸಿದವನಿಗೆ, ಮುಚ್ಚದವರ ಮನೆಯ ಯಾವ ಬಾಗಿಲು ತೆರೆದಿದೆಯೆಂದು ಗೊತ್ತಾಗುತ್ತದೆ. ತಿದ್ದುಪಡಿ ಪ್ರಕಟವಾದ 72 ಗಂಟೆಗಳೊಳಗೇ ದಾಳಿಗಳು ಆರಂಭವಾದ ಪ್ರಸಂಗಗಳಿವೆಯೆಂದು ಎಸ್‌ಎಪಿ ಮತ್ತು ಒನಾಪ್ಸಿಸ್ 2021ರ ಏಪ್ರಿಲ್‌ನಲ್ಲಿ ಜಂಟಿಯಾಗಿ ಪ್ರಕಟಿಸಿದ ವರದಿ ಹೇಳಿತು. ಸಂಸ್ಥೆಗಳಾದರೋ ತಿಂಗಳ ಕೊನೆಯ ವೇತನ, ತ್ರೈಮಾಸಿಕ ಲೆಕ್ಕದ ಮುಕ್ತಾಯ ಎಂಬ ಕಾರಣಗಳಿಂದ ವ್ಯವಸ್ಥೆಯನ್ನು ಕೆಲವು ಗಂಟೆ ನಿಲ್ಲಿಸಲೂ ಹಿಂಜರಿಯುತ್ತವೆ. ಆ ಹಿಂಜರಿಕೆ ಅಕಾರಣವಲ್ಲ. ಆದರೆ ದಾಳಿಕೋರನು ಕಾಯುವುದಿಲ್ಲ.

ಇಂತಹ ಬೃಹತ್ ತಂತ್ರಾಂಶವನ್ನು ಬಳಸದ ಸಹಕಾರ ಸಂಘಗಳು, ವಿದ್ಯಾಸಂಸ್ಥೆಗಳು, ಸಣ್ಣ ಉದ್ಯಮಗಳು ಇದರಿಂದ ಅರಿಯಬೇಕಾದದ್ದು ಬಹಳವಿದೆ. ಮುಂಬಾಗಿಲಿಗೆ ಎಷ್ಟೇ ಕಠಿಣವಾದ ಗುಪ್ತಪದವಿದ್ದರೂ, ಸಜ್ಜುಗೊಳಿಸುವ ದಿನ ತೆರೆದ ಹಿಂಬಾಗಿಲನ್ನು ಮುಚ್ಚದಿದ್ದರೆ ಅದು ವ್ಯರ್ಥ. ಲೆಕ್ಕಪತ್ರದ ತಂತ್ರಾಂಶವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು. ಸರ್ವಾಧಿಕಾರವುಳ್ಳ ಬಳಕೆದಾರರ ಪಟ್ಟಿಯನ್ನು ತಿಂಗಳಿಗೊಮ್ಮೆಯಾದರೂ ಓದಬೇಕು. ಗುರುತಿಲ್ಲದ ಹೆಸರೊಂದು ಅಲ್ಲಿ ಕಂಡರೆ ಅದೇ ಮೊದಲ ಸುಳಿವು. ವರ್ತಕರ ಖಾತೆಯ ಸಂಖ್ಯೆ ಬದಲಾದಾಗ, ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ವಿಚಾರಿಸಿದ ಬಳಿಕವೇ ಪಾವತಿ ಮಾಡಬೇಕು. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯ ಒಂದು ಪ್ರತಿಯು ಬೇರೆ ಗಣಕಯಂತ್ರದಲ್ಲಿರಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಾಗಿಲ್ಲ.

ಸಂಘ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿರುವವರು ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ನಮ್ಮ ತಂತ್ರಾಂಶಕ್ಕೆ ಕೊನೆಯ ತಿದ್ದುಪಡಿಯನ್ನು ಯಾವ ದಿನ ಅಳವಡಿಸಲಾಯಿತು? ಸರ್ವಾಧಿಕಾರ ಯಾರಾರ ಬಳಿ ಇದೆ? ಹೊರಗಿನಿಂದ ಅದನ್ನು ತಲುಪುವ ದಾರಿಗಳೆಷ್ಟು? ತಂತ್ರಜ್ಞರಲ್ಲದವರೂ ಕೇಳಬಹುದಾದ ಪ್ರಶ್ನೆಗಳಿವು. ಉತ್ತರ ಸಿದ್ಧವಿಲ್ಲದಿದ್ದರೆ, ಅದನ್ನು ಹುಡುಕುವ ಕೆಲಸ ಅಂದೇ ಆರಂಭವಾಗಲಿ.