ಬರ ಬರುವ ಮೊದಲೇ ಜಾಬ್‌ಕಾರ್ಡ್ ಹೊರತೆಗೆಯಿರಿ

2023ರ ಮುಂಗಾರಿನಲ್ಲಿ ಹೊಸದುರ್ಗ ತಾಲ್ಲೂಕಿನ ನಮ್ಮ ಮೂರು ಎಕರೆ ಮಸಾರಿ ಹೊಲದಲ್ಲಿ ಸಾವೆ ಗೇಣುದ್ದ ಬಂತು, ಅಷ್ಟೇ. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಹಿಂದಿನ ವರ್ಷವಷ್ಟೇ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತ್ತು. ನಮ್ಮ ಕಡೆ ಮಳೆ ಈಗ ಹೀಗೇ: ಬಂದ್ರೆ ಒಂದೇ ಸಲ, ಇಲ್ಲಾಂದ್ರೆ ಇಲ್ಲ.

ಪಕ್ಕದ ಮನೆಯವರು ಎರಡು ಹಸು ಸಂತೆಗೆ ಹೊಡೆದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ನಾನೂ ಹೊರಟಿದ್ದೆ. ಮನೆಯವಳು ತಡೆದಳು: "ಹಸು ಯಾರು ನೋಡ್ಕೊಳ್ತಾರೆ? ಮೊದ್ಲು ಪಂಚಾಯ್ತಿಗೆ ಹೋಗಿ ಕೆಲಸ ಕೇಳ್ರಿ."

ಅದೃಷ್ಟಕ್ಕೆ ಹಿಂದಿನ ಗ್ರಾಮಸಭೆಯಲ್ಲಿ ನಮ್ಮ ಹೊಲದ ಬದು ನಿರ್ಮಾಣವನ್ನು ಕ್ರಿಯಾ ಯೋಜನೆಗೆ ಬರೆಸಿದ್ದೆ. ನರೇಗಾದಲ್ಲಿ ನಾವಿಬ್ಬರೂ ಸೇರಿ 80 ದಿನದ ಕೂಲಿ ಮಾಡಿದೆವು. ಆಗಿನ ದರ ದಿನಕ್ಕೆ 316 ರೂಪಾಯಿ, ಒಟ್ಟು 25,280. ಹಣ ಕಂತುಕಂತಾಗಿ ತಡವಾಗಿ ಬಂದರೂ ಹಸು ಉಳಿಯಿತು, ಸಾಲ ಬೆಳೆಯಲಿಲ್ಲ. ಮರುವರ್ಷ ಜೋರು ಮಳೆ ಬಿದ್ದಾಗ ಮೇಲ್ಮಣ್ಣು ಹಳ್ಳ ಸೇರದೆ ಬದುವಿನ ಒಳಗೇ ನಿಂತಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಬರ ಪರಿಹಾರ ಖರ್ಚಾಗಿ ಹೋಗುತ್ತದೆ. ಆದರೆ ಅದೇ ಕೂಲಿಯನ್ನು ನೀರು ಹಿಡಿಯುವ ಕೆಲಸಕ್ಕೆ ಪಡೆದರೆ ಮುಂದಿನ ಬರಕ್ಕೂ ಆಸರೆ.

ಯಾವ ಹೊಲಕ್ಕೆ ಯಾವ ಕೆಲಸ?

ಹೊಸದುರ್ಗ, ಹಿರಿಯೂರಿನ ಇಳಿಜಾರು ಖುಷ್ಕಿ ಹೊಲಕ್ಕೆ ಮೊದಲು ಬದು. ಇಳಿಜಾರಿಗೆ ಅಡ್ಡವಾಗಿ ಹಾಕಿಸಿ, ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿ ಬಿಡಿ. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಚಿತ್ರದುರ್ಗ ತಾಲ್ಲೂಕಿನ ಮೆಕ್ಕೆಜೋಳ, ಈರುಳ್ಳಿ ಬೆಳೆಗಾರರಿಗೆ ಕೃಷಿ ಹೊಂಡ ಇದ್ದರೆ ಮಳೆ ಬಿಡುವು ಕೊಟ್ಟಾಗ ಒಂದೆರಡು ನೀರು ಹಾಯಿಸಬಹುದು. ಹೊಳಲ್ಕೆರೆಯ ಅಡಿಕೆ ತೋಟದವರು ಟ್ಯಾಂಕರ್ ನೀರಿಗೆ ದುಡ್ಡು ಸುರಿಯುವ ಮುಂಚೆ ಬೋರ್‌ವೆಲ್ ಪಕ್ಕ ಇಂಗುಗುಂಡಿ ಮಾಡಿಸಲಿ.

ಸ್ವಂತ ಜಮೀನಿನ ಕೆಲಸಕ್ಕೆ ಪರಿಶಿಷ್ಟ ಜಾತಿ, ಪಂಗಡ, ಮಹಿಳೆ ಮುಖ್ಯಸ್ಥೆಯಾಗಿರುವ ಕುಟುಂಬ, ಸಣ್ಣ, ಅತಿ ಸಣ್ಣ ರೈತರಿಗೆ ಅವಕಾಶವಿದೆ. ಮನೆಯವರೂ ದುಡಿಯಬೇಕು. ಜೆಸಿಬಿ ಇಳಿಸುವಂತಿಲ್ಲ.

ಕಾಗದ ಮರೆಯಬೇಡಿ

* ಕೆಲಸ ಬೇಕೆಂದು ಅರ್ಜಿ ಕೊಟ್ಟು, ದಿನಾಂಕ ಇರುವ ರಸೀದಿ ಪಡೆಯಿರಿ. 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ರಸೀದಿಯೇ ಆಧಾರ. ನಾನೊಮ್ಮೆ ಬಾಯಿಮಾತಲ್ಲಿ ಕೇಳಿ ಬಂದೆ. ಒಂದು ತಿಂಗಳು ಹಾಳಾಯ್ತು.
* ನರೇಗಾದಲ್ಲಿ ಹಾಜರಾತಿಗೆ ದಿನಕ್ಕೆರಡು ಸಲ ಫೋಟೋ ಇರುತ್ತಿತ್ತು. ಹಾಜರಾತಿಯ ಹೊತ್ತಿಗೆ ಸ್ಥಳದಲ್ಲಿರಿ.
* ನರೇಗಾದಲ್ಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನ ಇತ್ತು. ಬರ ಘೋಷಣೆಯಾದ ಕಡೆ ಇನ್ನೂ 50 ದಿನಕ್ಕೆ ಅವಕಾಶವಿದ್ದರೂ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಿತ್ತು.  2025-26ರಲ್ಲಿ ದರ 370 ರೂಪಾಯಿ ಇತ್ತು. 100 ದಿನಕ್ಕೆ 37,000.

ಬೆಳೆ ವಿಮೆಯೂ ಇರಲಿ

ಕೂಲಿ ಹೊಟ್ಟೆಗಾಯ್ತು, ಬೀಜ ಗೊಬ್ಬರದ ದುಡ್ಡು? ಅದಕ್ಕೆ ಫಸಲ್ ಬಿಮಾ. ರೈತರ ಪಾಲಿನ ಕಂತು ಮುಂಗಾರು ಆಹಾರ, ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಹೆಚ್ಚೆಂದರೆ ಶೇ 5. ಕೊನೆಯ ದಿನ ಬೆಳೆಯಿಂದ ಬೆಳೆಗೆ ಬೇರೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮುಖ್ಯವಾಗಿ, ವಿಮೆ ಕಟ್ಟಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಇರಬೇಕು. ನಾನು ರಾಗಿಗೆ ಕಟ್ಟಿದ್ದೆ, ಸಮೀಕ್ಷೆಯಲ್ಲಿ ಸಾವೆ ಅಂತ ಹೋಗಿತ್ತು, ಪರಿಹಾರ ತಪ್ಪಿತು. ಎಲ್ಲ ಸರ್ವೆ ನಂಬರ್‌ಗಳೂ ಫ್ರೂಟ್ಸ್ ಐಡಿಯಲ್ಲಿ ಇವೆಯೇ ಎಂದೂ ನೋಡಿ.

2006ರಲ್ಲಿ ನರೇಗಾ ಶುರುವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಯೋಜನೆ ನಮಗೆ ಹೊಸದಲ್ಲ, ಮುಂಚಿತವಾಗಿ ಕೇಳುವ ರೂಢಿ ಮಾತ್ರ ಆಗಬೇಕು. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಗ್ರಾಮಸಭೆಗಳು ಅಕ್ಟೋಬರ್‌ನಿಂದ ನಡೆಯುತ್ತವೆ. ಈ ಸಲ ಮಳೆ ಚೆನ್ನಾಗಿ ಬಂದರೂ ಹೋಗಿ. ನಿಮ್ಮ ಹೊಲದ ಕೆಲಸದ ಜೊತೆ ಊರ ಕೆರೆಗೆ ನೀರು ತರುವ ಕಾಲುವೆಯ ಹೂಳನ್ನೂ ಪಟ್ಟಿಗೆ ಬರೆಸಿ ಬನ್ನಿ.