ಗೀಸರ್‌ಗೆ ಜಂಗು ಹಿಡಿದಾಗ: ತಪ್ಪು ಕಲ್ಪನೆ ಯಾವುದು, ಸತ್ಯ ಯಾವುದು?

ಇಟಗಿ, ಕುಕನೂರು, ಯಲಬುರ್ಗಾ ಕಡೆ ಬೋರ್ ನೀರು ಕಾಯಿಸಿದ ತಾಮ್ರದ ಹಂಡೆಯೊಳಗೆ ಕೈಯಾಡಿಸಿದವರಿಗೆ ಆ ಒರಟು ಬಿಳಿ ಪೊರೆ ಗೊತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಿಡುತ್ತಿತ್ತು. ಈಗ ಬಚ್ಚಲಿಗೆ ಗೀಸರ್ ಬಂದಿದೆ, ನೀರು ಮಾತ್ರ ಅದೇ ಸವುಳು ನೀರು. ಒಳಗೆ ಕೈ ಹೋಗುವುದಿಲ್ಲ, ಏನಾಗಿದೆಯೆಂದು ಕಾಣುವುದಿಲ್ಲ. ಹಾಗಾಗಿ ಊಹೆಗಳು ಬೆಳೆದಿವೆ.

ತಪ್ಪು ಕಲ್ಪನೆ: ನೀರು ಕೆಂಪಗೆ ಬಂದರೆ ಗೀಸರ್ ಹೋಯಿತು ಎಂದೇ ಅರ್ಥ.
ಸತ್ಯ: ಒಂದು ಗಾಜಿನ ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಹಿಡಿದು ನೋಡಿ. ಎರಡೂ ಕೆಂಪಾಗಿದ್ದರೆ ಅದು ಬೋರ್ ನೀರಿನ ಕಬ್ಬಿಣದ ಅಂಶ ಇಲ್ಲವೇ ಹಳೆಯ ಜಿ.ಐ. ಪೈಪಿನ ತುಕ್ಕು. ಬಿಸಿನೀರು ಮಾತ್ರ ಕೆಂಪಾಗಿದ್ದರೆ ಜಂಗು ಗೀಸರ್‌ನೊಳಗಿರುವ ಸಂಭವ ಹೆಚ್ಚು.

ತಪ್ಪು ಕಲ್ಪನೆ: ಉಪ್ಪು ಕಟ್ಟುವುದೂ ಜಂಗು ಹಿಡಿಯುವುದೂ ಒಂದೇ.
ಸತ್ಯ: ಕಬ್ಬಿಣಕ್ಕೆ ನೀರು, ಆಮ್ಲಜನಕ ತಗುಲಿದರೆ ಜಂಗು. ಗಡಸು ನೀರು ಕಾದಾಗ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇರ್ಪಟ್ಟು ಕಾಯಿಲ್‌ಗೆ ಕಟ್ಟುವುದು ಬಿಳಿ ಉಪ್ಪು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಉಪ್ಪು ದಪ್ಪವಾದಷ್ಟೂ ನೀರು ಕಾಯುವುದು ತಡ, ಕಾಯಿಲ್ ಬೇಗ ಸುಡುತ್ತದೆ. ಥರ್ಮೋಸ್ಟ್ಯಾಟನ್ನು 50ರಿಂದ 55 ಡಿಗ್ರಿಗೆ ಇಟ್ಟರೆ ಉಪ್ಪು ಕಟ್ಟುವುದು ಕಡಿಮೆಯಾಗುತ್ತದೆ.

ತಪ್ಪು ಕಲ್ಪನೆ: ಗಾಜಿನ ಲೇಪನದ ಟ್ಯಾಂಕಿಗೆ ಜಂಗಿನ ಭಯವಿಲ್ಲ.
ಸತ್ಯ: ಲೇಪನದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅದಕ್ಕೇ ಒಳಗೆ ಮೆಗ್ನೀಸಿಯಂನ ಆನೋಡ್ ರಾಡ್ ಹಾಕಿರುತ್ತಾರೆ. ಟ್ಯಾಂಕಿನ ಉಕ್ಕಿಗೆ ಬದಲು ತಾನು ಕರಗುವುದೇ ಅದರ ಕೆಲಸ. ಲವಣ ಹೆಚ್ಚಿರುವ ನೀರಿನಲ್ಲಿ ಅದು ಬೇಗ ಸವೆಯುತ್ತದೆ. ಸವೆದು ಮುಗಿದ ಮೇಲೆ ಜಂಗಿನ ಸರದಿ ಟ್ಯಾಂಕಿನದು. ರಾಡ್ ಬದಲಿಸುವ ಖರ್ಚು ಹೊಸ ಗೀಸರ್ ಖರ್ಚಿನ ಮುಂದೆ ಬಹಳ ಸಣ್ಣದು.

ತಪ್ಪು ಕಲ್ಪನೆ: ಕೆಳಗೆ ನೀರು ತೊಟ್ಟಿಕ್ಕಿದರೆ ಟ್ಯಾಂಕ್ ಒಡೆದಿದೆ.
ಸತ್ಯ: 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಆ ಒತ್ತಡ ಇಳಿಸಲು ಸೇಫ್ಟಿ ವಾಲ್ವ್ ಕಾಯುವಾಗ ಹನಿ ಬಿಡುವುದು ಸಹಜ. ಅದನ್ನು ಎಂದಿಗೂ ಮುಚ್ಚಬೇಡಿ, ಒತ್ತಡ ಏರಿ ಟ್ಯಾಂಕ್ ಸಿಡಿಯಬಹುದು. ಗೀಸರ್ ಆರಿಸಿದ ಮೇಲೂ ಹನಿ ನಿಲ್ಲದಿದ್ದರೆ ವಾಲ್ವ್, ಪೈಪಿನ ಜೋಡಣೆ, ಗ್ಯಾಸ್ಕೆಟ್ ಪರೀಕ್ಷಿಸಿ. ಇವೆಲ್ಲ ಬದಲಿಸಬಹುದಾದ ಭಾಗಗಳು. ಹೊರಕವಚದ ಒಳಗಿಂದ ಕೆಂಪು ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿರಬಹುದು.

ತಪ್ಪು ಕಲ್ಪನೆ: ತೂತಿಗೆ ಎಂ-ಸೀಲ್ ಹಚ್ಚಿದರೆ ಸಾಕು.
ಸತ್ಯ: ತೂತು ಬಿದ್ದ ಜಾಗದ ಸುತ್ತ ತಗಡು ಆಗಲೇ ತೆಳುವಾಗಿರುತ್ತದೆ. ಬಿಸಿ, ಒತ್ತಡದ ಮುಂದೆ ಆ ತೇಪೆ ನಿಲ್ಲದು. ಒಳಟ್ಯಾಂಕ್ ಸೋರಿದರೆ ಬದಲಿಸುವುದೊಂದೇ ದಾರಿ.

ತಪ್ಪು ಕಲ್ಪನೆ: ನಲ್ಲಿ ಮುಟ್ಟಿದಾಗ ಜುಮ್ಮೆನ್ನುವುದು ಮಾಮೂಲು.
ಸತ್ಯ: ಅದು ಸಾವಿನ ಮುನ್ಸೂಚನೆ. ಸೋರಿದ ನೀರು ವೈರಿಗೆ ತಗುಲಿರಬಹುದು, ಕಾಯಿಲ್ ಬಿರುಕು ಬಿಟ್ಟಿರಬಹುದು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟದೆ, ಹೊರಗಿನ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಒಳ್ಳೆಯ ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಕರೆಂಟ್ ಕಡಿಯುವ ಸ್ವಿಚ್) ಪ್ರತಿ ಮನೆಯಲ್ಲೂ ಇರಲಿ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನಮ್ಮ ಮನೆಗಳಲ್ಲಿ ಹಂಡೆ ತಿಕ್ಕಿ ತೊಳೆಯುವ ರೂಢಿಯಿದೆ. ಅದೇ ವಾರ ಮೆಕ್ಯಾನಿಕ್‌ನನ್ನು ಕರೆಸಿ ಗೀಸರ್ ಬಿಚ್ಚಿಸಿ, ಉಪ್ಪು ತೆಗೆಸಿ, ಆನೋಡ್ ರಾಡ್ ಎಷ್ಟು ಉಳಿದಿದೆಯೆಂದು ನೀವೇ ಕಣ್ಣಾರೆ ನೋಡಿ.