ಗ್ರಾಂಟ್ ರೋಡಿನ ಗುಮಾಸ್ತರಿಗೆ ಎಂಥ ಮೇಜು?

ಬೋರಿವಲಿ, ಮಲಾಡ್ ಕಡೆಯಿಂದ ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದ ಸುತ್ತಲಿನ ಕಚೇರಿಗಳಿಗೆ ಬರುವ ನೌಕರರು ಪಶ್ಚಿಮ ರೈಲ್ವೆಯ ಸ್ಲೋ ಗಾಡಿಯಲ್ಲಿ ಒಂದು ಗಂಟೆಯ ಹತ್ತಿರ ಕಳೆಯಬೇಕು. ದಾರಿಯ ಬಹುಪಾಲನ್ನು ನಿಂತೇ ಸವೆಸಿದವರು ಕುರ್ಚಿ ಸಿಕ್ಕೊಡನೆ ಊಟದ ಹೊತ್ತಿನ ತನಕ ಏಳದಿರುವುದು ಸಹಜವೇ. ಆದುದರಿಂದ ಇವರಿಗೆ ಸಿಟ್-ಸ್ಟ್ಯಾಂಡ್ ಡೆಸ್ಕ್ ಒಳ್ಳೆಯದೆಂದು ಹೇಳುವ ಮುನ್ನ ಅದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ತೂಗಿ ನೋಡಬೇಕು. ಹಲಗೆಯನ್ನು ಮೋಟರಿನಿಂದಲೋ ಕೈಯಿಂದ ತಿರುಗಿಸುವ ಹಿಡಿಯಿಂದಲೋ ಏರಿಸಿ ಇಳಿಸಿ, ಕೂತಾಗಲೂ ನಿಂತಾಗಲೂ ಮೊಣಕೈಯ ಎತ್ತರಕ್ಕೆ ಹೊಂದಿಸಿಕೊಳ್ಳಬಹುದಾದ ಮೇಜಿಗೆ ಈ ಹೆಸರಿದೆ.

ಕುಳಿತು ದುಡಿಯುವುದರ ಕುರಿತ ಆಧುನಿಕ ಚರ್ಚೆಯ ಮೂಲಗಳಲ್ಲೊಂದು ಬಸ್ಸಿನಲ್ಲಿದೆ. ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ, ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಕೂರುವ ಚಾಲಕರಿಗೆ, ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗಿಂತ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚೆಂದು ತೋರಿಸಿದರು. ಚಾಲಕರ ಸಮವಸ್ತ್ರದ ಸೊಂಟದಳತೆಯೇ ಹೆಚ್ಚಿತ್ತೆಂಬುದನ್ನು, ಅಂದರೆ ವ್ಯತ್ಯಾಸಕ್ಕೆ ಕೆಲಸವೊಂದೇ ಕಾರಣವಲ್ಲದಿರಬಹುದೆಂಬುದನ್ನು, 1956ರಲ್ಲಿ ಮಾರಿಸ್ ಅವರೇ ಮುಂದಿಟ್ಟದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಇದಕ್ಕಿಂತಲೂ ಹೆಚ್ಚಾಗಿ ಮರೆತುಹೋಗುವ ಮಾತೆಂದರೆ, ಕಂಡಕ್ಟರ್ ಬರಿದೆ ನಿಂತಿರಲಿಲ್ಲ, ಓಡಾಡುತ್ತಿದ್ದ.

ನಿಲ್ಲುವುದು ಬೇರೆ, ನಡೆಯುವುದು ಬೇರೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಸಡಿಲಗೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತಾಗ ರಕ್ತ ಕೆಳಗೇ ತಂಗಿ, ವರ್ಷಗಳು ಉರುಳಿದಂತೆ ಅಭಿಧಮನಿಗಳು ಉಬ್ಬಿ ತಿರುಚಿಕೊಳ್ಳುವ ವೆರಿಕೋಸ್ ವೇಯ್ನ್ಸ್‌ಗೆ ದಾರಿಯಾಗಬಹುದು. ಕೆನಡಾದ ಒಂಟಾರಿಯೊದಲ್ಲಿ ಏಳು ಸಾವಿರಕ್ಕೂ ಹೆಚ್ಚು ನೌಕರರನ್ನು ಸುಮಾರು 12 ವರ್ಷ ಗಮನಿಸಿದ ಅಧ್ಯಯನವೊಂದು, ಹೆಚ್ಚಾಗಿ ನಿಂತೇ ಮಾಡುವ ಉದ್ಯೋಗದವರಲ್ಲಿ ಹೃದ್ರೋಗದ ಸಂಭವ ಕುಳಿತು ಮಾಡುವವರಿಗಿಂತ ಸುಮಾರು ಎರಡು ಪಟ್ಟು ಎಂದು ಕಂಡಿತು. ತೂಕ ಇಳಿಯುವುದೆಂಬ ಆಸೆಯೂ ಹುಸಿಯೇ: ಕೂರುವುದಕ್ಕಿಂತ ನಿಲ್ಲುವುದಕ್ಕೆ ನಿಮಿಷಕ್ಕೆ ಸರಾಸರಿ 0.15 ಕ್ಯಾಲೊರಿ ಮಾತ್ರ ಹೆಚ್ಚು ಖರ್ಚಾಗುವುದರಿಂದ, ಮೂರು ಗಂಟೆ ನಿಂತರೂ ಸಿಗುವ 27 ಕ್ಯಾಲೊರಿಗಳ ಲಾಭವನ್ನು ಸಕ್ಕರೆ ಹಾಕಿದ ಒಂದು ಕಟಿಂಗ್ ಚಹಾ ಅಳಿಸಿಬಿಡುತ್ತದೆ.

ಹಾಗಿದ್ದರೂ ಮೇಜು ವ್ಯರ್ಥವಲ್ಲ. ಇಂಗ್ಲೆಂಡಿನ ಸ್ಥಳೀಯ ಆಡಳಿತ ಕಚೇರಿಗಳ 756 ನೌಕರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಳಿವಳಿಕೆ ಮತ್ತು ಉತ್ತೇಜನವಷ್ಟೇ ಸಿಕ್ಕವರು ವರ್ಷದ ಕೊನೆಗೆ ದಿನಕ್ಕೆ ಸುಮಾರು 22 ನಿಮಿಷ ಕಡಿಮೆ ಕುಳಿತರೆ, ಅದರೊಡನೆ ಏರಿಳಿಯುವ ಮೇಜೂ ಸಿಕ್ಕವರು 64 ನಿಮಿಷ ಕಡಿಮೆ ಕುಳಿತರು. ಉಪದೇಶಕ್ಕಿಂತ ಕೈಗೆಟುಕುವ ಅನುಕೂಲ ಹೆಚ್ಚು ಫಲ ಕೊಡುತ್ತದೆಂಬುದು ಇಲ್ಲಿ ಸ್ಪಷ್ಟ; ಮೇಜಿನ ಬೆಲೆಯಿರುವುದು ಭಂಗಿ ಬದಲಿಸುವ ಅವಕಾಶದಲ್ಲಿ.

ಆ ಅವಕಾಶ ಎಷ್ಟು ಅಸಮವಾಗಿ ಹಂಚಿಹೋಗಿದೆ ಎಂಬುದಕ್ಕೆ ನಿಲ್ದಾಣದ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಪೇಟೆಯೇ ನಿದರ್ಶನ: ಕೌಂಟರಿನ ಹಿಂದಿನವರು ನಿಂತು ದಣಿಯುತ್ತಾರೆ, ಲೆಕ್ಕ ಬರೆಯುವವರು ಕೂತು ಜಡ್ಡುಗಟ್ಟುತ್ತಾರೆ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು ವಿಧಿಸಿತ್ತು. ಬಟ್ಟೆಯಂಗಡಿಗಳ ಮಹಿಳೆಯರ ಹೋರಾಟದ ಫಲವಾಗಿ ಕೇರಳ 2018ರಲ್ಲಿ, ಅನಂತರ ತಮಿಳುನಾಡು 2021ರಲ್ಲಿ, ಅಂಗಡಿ ನೌಕರರಿಗೂ ಕೂರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದವು. ಕೂತವರು ಏಳುವ ಅಗತ್ಯವನ್ನು ಮಾತ್ರ ಮಾಲೀಕರ ಸೌಜನ್ಯಕ್ಕೆ ಬಿಡಲಾಗಿದೆ.

ಹಳೆಯ ಕಟ್ಟಡಗಳ ಇಕ್ಕಟ್ಟಾದ ಕೋಣೆಗಳಲ್ಲಿ ಪ್ರತಿಯೊಬ್ಬರಿಗೂ ಮೋಟರಿನ ಮೇಜು ಹಾಕಿಸಲು ಆಗದಿದ್ದರೆ, ಗೋಡೆಗೆ ಮೊಣಕೈ ಎತ್ತರದಲ್ಲಿ ಒಂದು ಹಲಗೆ ಹೊಡೆಸಿ ಫೋನು, ಬಿಲ್ಲುಗಳ ಕೆಲಸವನ್ನು ಅಲ್ಲಿಗೆ ಸಾಗಿಸಬಹುದು. ಊಟದ ನಂತರದ ಹೊತ್ತು ಹೀಗೆ ಎದ್ದು ಓಡಾಡಲು ಪ್ರಶಸ್ತ, ಏಕೆಂದರೆ ಕೂರುವುದನ್ನು ಆಗಾಗ ಮುರಿದು ಎರಡು ನಿಮಿಷ ನಡೆದಾಡಿದರೂ ಉಂಡ ಮೇಲೆ ಏರುವ ರಕ್ತದ ಸಕ್ಕರೆ ತಗ್ಗುತ್ತದೆಂದು 2012ರ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿದೆ. ಸಂಜೆಯ ಕೊನೆಯ ಗಂಟೆಯಲ್ಲಿ ಮಾತ್ರ ಯಾರನ್ನೂ ನಿಲ್ಲೆಂದು ಒತ್ತಾಯಿಸಬಾರದು. ಬೋರಿವಲಿ ಗಾಡಿಯಲ್ಲಿ ನಿಲ್ಲುವುದು ಅವರಿಗೆ ಇನ್ನೂ ಬಾಕಿಯಿರುತ್ತದೆ.